ಶ್ರುತಿ ಸೇರುವ ತನಕ

ಬೆಂಗಳೂರಿನಿಂದ ಸ್ವೀಡನ್ನಿನ ನಾರ್‌ಶೋಪಿಂಗ್‌ಗೆ ಬರುವಾಗ ನನ್ನ ತಂಬೂರಿಯ ಬುರುಡೆ ವಿಮಾನದಲ್ಲಿ ಒಡೆಯಿತು. ಪುಣ್ಯಕ್ಕೆ, ಹೊರಡುವ ಮೊದಲು ಅದರ ನಾಲ್ಕೂ ತಂತಿಗಳ ನಾದವನ್ನು ರೆಕಾರ್ಡ್ ಮಾಡಿಟ್ಟಿದ್ದೆ. ಅದನ್ನೇ ಇಟ್ಟುಕೊಂಡು ಒಂದು ಆಡಿಯೊ ಪ್ಲಗಿನ್ ಬರೆದೆ. ಸಂಗೀತದ ಸಾಫ್ಟ್‌ವೇರಿನೊಳಗೆ ಸೇರಿಕೊಂಡು ತಂಬೂರಿ ನುಡಿಸುವ ಪುಟ್ಟ ಪ್ರೋಗ್ರಾಂ. ಯುಗಾದಿಗೆ ಇಲ್ಲಿನ ಕನ್ನಡದವರು ಸೇರುವ ದಿನ ಅದರೊಂದಿಗೇ ಹಾಡುತ್ತೇನೆಂದು ಹೆಸರು ಕೊಟ್ಟಿದ್ದೆ.

ಮೂರು ದಿನ ಮೊದಲು ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ಪ್ಲಗಿನ್ ಪಟ್ಟಿಯಲ್ಲೇ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಲ್ಯಾಪ್‌ಟಾಪನ್ನು ಚೆನ್ನಾಗಿ ಬೈದೆ. ಆಮೇಲೆ, ಒಳಗೆ ನಡೆದದ್ದೆಲ್ಲ ದಾಖಲಾಗುವ ಲಾಗ್ ತೆಗೆದು ಓದಿದೆ. ಕಂಪ್ಯೂಟರಿನ ಹಿನ್ನೆಲೆಯಲ್ಲಿ ಒಂದು ಪ್ರೋಸೆಸ್ ಕಣ್ಣಿಗೆ ಬೀಳದೆ ಓಡುತ್ತಿರುತ್ತದೆ. ಪ್ರತಿ ಪ್ಲಗಿನ್ನನ್ನೂ ಒಮ್ಮೆ ತೆರೆದು, ನೀನು ಯಾರು, ಏನು ಮಾಡುತ್ತೀ ಎಂದು ವಿಚಾರಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಉತ್ತರ ಬಾರದಿದ್ದರೆ ಕೆಟ್ಟಿದೆಯೆಂದು ಬ್ಲಾಕ್ ಮಾಡಿ, ಮತ್ತೆ ಅತ್ತ ತಿರುಗಿಯೂ ನೋಡುವುದಿಲ್ಲ. ನನ್ನದು ಉತ್ತರ ಕೊಟ್ಟಿರಲಿಲ್ಲ. ತೆರೆದ ಕೂಡಲೇ ಅದು ಶ್ರುತಿ ಮಾಡಿಕೊಳ್ಳಲು ಶುರು ಮಾಡುತ್ತಿತ್ತು: ಮೊದಲು ಪಂಚಮ, ಆಮೇಲೆ ಎರಡು ಷಡ್ಜ, ಕೊನೆಗೆ ಮಂದ್ರ, ಒಂದೊಂದಾಗಿ. ಶ್ರುತಿ ಸೇರುವ ಮೊದಲು ಬಾಯಿ ತೆರೆಯಬಾರದೆಂದು ಕಲಿತವಳು ಬರೆದದ್ದು ಇನ್ನು ಹೇಗಿರುತ್ತದೆ?

ಆಫೀಸಿನ ಫೀಕಾದಲ್ಲಿ, ಕಾಫಿಯ ಹೊತ್ತಿಗೆ, ಸ್ವೀಡಿಶ್ ಸಹೋದ್ಯೋಗಿಗೆ ಇದನ್ನು ಹೇಳಿದೆ. ರೆಕಾರ್ಡ್ ಮಾಡಿದ ತಂತಿಗೆ ಶ್ರುತಿ ಯಾಕೆ, ಆ ಭಾಗವನ್ನೇ ಕಿತ್ತುಹಾಕು ಎಂದ. ಅದು ತಂತಿಗಲ್ಲ, ನನ್ನ ಕಿವಿಗೆ ಎಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅವನು ಬನ್ ತಿನ್ನುತ್ತಾ ಕೂತ. ನನಗೆ ಸಿಟ್ಟು ಬಂತು. ಏನೇ ಆದರೂ ಅದನ್ನು ತೆಗೆಯುವುದಿಲ್ಲವೆಂದು ಅಲ್ಲೇ ನಿರ್ಧರಿಸಿದೆ.

ಸಂಜೆ ಕೋಡ್ ಬದಲಿಸಿದೆ. ವಿಚಾರಿಸಿದ ತಕ್ಷಣ ಹೆಸರು ಹೇಳಲಿ. ಶ್ರುತಿಯನ್ನು ನಾನು ಹಾಡಲು ಕೂತಾಗ ಮಾಡಿಕೊಳ್ಳಲಿ. ಬ್ಲಾಕ್ ಪಟ್ಟಿಯಿಂದ ಅದರ ಹೆಸರು ಅಳಿಸಿ ಮತ್ತೆ ಸ್ಕ್ಯಾನ್ ಮಾಡಿಸಿದೆ. ಪ್ರೋಸೆಸ್ ತಕರಾರಿಲ್ಲದೆ ಒಪ್ಪಿಕೊಂಡಿತು.

ಯುಗಾದಿಯ ದಿನ ಒಬ್ಬೊಬ್ಬರಿಗೂ ಆರು ನಿಮಿಷ. ವೇದಿಕೆಯಲ್ಲಿ ಕೂತು ಪ್ಲಗಿನ್ ತೆರೆದೆ. ಮೊದಲ ತಂತಿಯ ಸ್ವರ ಇನ್ನೂ ನಿಧಾನಕ್ಕೆ ಮೇಲೇರುತ್ತಿತ್ತು. ನಿರೂಪಣೆ ಮಾಡುತ್ತಿದ್ದವರು ಹತ್ತಿರ ಬಂದು ಬಗ್ಗಿದರು.

“ಮೇಡಂ, ಹ್ಯಾಂಗ್ ಆಗಿದ್ಯಾ? ನನ್ ಫೋನಲ್ಲಿ ತಂಬೂರಿ ಆಪ್ ಇದೆ, ಹಾಕ್ಲಾ?”

“ಬೇಡ. ಶ್ರುತಿ ಸೇರ್ತಾ ಇದೆ. ನನ್ ಆರು ನಿಮಿಷದಲ್ಲೇ ಮುರ್ಕೊಳ್ಳಿ.”

ಎರಡು ನಿಮಿಷ ಇಡೀ ಸಭಾಂಗಣ ಕಾಯಬೇಕಾಯಿತು. ನಾಲ್ಕೂ ತಂತಿ ಸೇರಿದ ಮೇಲೆ, ಉಳಿದ ನಾಲ್ಕು ನಿಮಿಷಕ್ಕೆ ಹೊಂದುವಂತೆ ಒಂದು ಚರಣ ಬಿಟ್ಟು ಹಾಡಿದೆ.