ಬಚ್ಚಲ ಒಲೆಯವರೆಗೆ ಹರಿದ ಹೆಕ್ಸೇನ್

ಮೊದಲು ಬಿಸಿ ಅನ್ನಿಸಲಿಲ್ಲ. ಪಾದಗಳ ಮೇಲೆ ಯಾರೋ ತಣ್ಣೀರು ಸುರಿದ ಹಾಗಿತ್ತು. ಬಗ್ಗಿ ನೋಡಿದೆ. ನೆಲದ ಮೇಲೆ ತಿಳಿನೀಲಿಯ ಏನೋ ಒಂದು ಹಾಸಿಕೊಂಡು ನನ್ನ ಕಡೆಗೆ ಹರಿದು ಬರುತ್ತಿತ್ತು.

ಆಮೇಲೆ ಸದ್ದು.

ಇಷ್ಟು ನೆನಪಿದೆ. ನೆನಪಿದೆ ಎಂದು ಬರೆಯುವಾಗಲೇ ಕೈ ತಡೆಯುತ್ತದೆ. ಅಂಥ ಬೆಂಕಿ ರೆಪ್ಪೆ ಬಡಿಯುವುದರೊಳಗೆ ಮುಗಿದಿರುತ್ತದೆ. ಬಗ್ಗಿ ನೋಡಲು ನನಗೆ ಪುರುಸೊತ್ತು ಎಲ್ಲಿತ್ತು? ನಾನು ತಿಪಟೂರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ಎಣ್ಣೆ ಕರಗಿಸುವ ಸಾಲ್ವೆಂಟಿನ ಆವಿ ಗಾಳಿಗಿಂತ ಭಾರ, ಅದು ಮೇಲೇರುವುದಿಲ್ಲ, ನೆಲ ಹಿಡಿದು ಹರಿಯುತ್ತದೆ, ದೂರದ ಕಿಡಿ ಮುಟ್ಟಿ ಅಲ್ಲಿಂದ ಬೆಂಕಿಯಾಗಿ ವಾಪಸ್ಸು ಬರುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತೇನೆ. ಆ ನೀಲಿ ಹಾಸು ನಾನು ಕಂಡದ್ದೋ, ಬರೆದ ಚಿತ್ರವೋ, ಈಗ ಬೇರ್ಪಡಿಸಲಾರೆ.

ಸುಟ್ಟಿದ್ದು ಮಾತ್ರ ಸುಳ್ಳಲ್ಲ. ಮೊಣಕಾಲಿನ ಕೆಳಗೆ ಎರಡೂ ಕಾಲು. ಬಲಗೈ.

ಇದಕ್ಕೆಲ್ಲ ಮೊದಲು ಇದ್ದದ್ದು ಒಂದು ಜಗಳ. ಬಿಳಿಗೆರೆಯ ನಮ್ಮ ಮನೆಯಲ್ಲಿ ನಾನು, ಹೆಂಡತಿ ಶಶಿಕಲಾ ಮತ್ತು ದೊಡ್ಡಮ್ಮ ಇರುವುದು. ದೊಡ್ಡಮ್ಮ ಎಂದರೆ ನನ್ನ ದೊಡ್ಡಪ್ಪನ ಹೆಂಡತಿ. ತಾಯಿ ಇಲ್ಲದ ನನ್ನನ್ನು ಸಾಕಿದವಳು. ನಮ್ಮದು ಉಂಡೆ ಕೊಬ್ಬರಿ. ಕಾಯಿಯನ್ನು ಅಟ್ಟಕ್ಕೆ ಏರಿಸಿದರೆ ಅದು ಅಲ್ಲೇ ತಿಂಗಳುಗಟ್ಟಲೆ ಮಲಗಿ, ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಆಡುವವರೆಗೂ ಇಳಿಸುವ ಹಾಗಿಲ್ಲ. ಈಚೆಗೆ ನೆಂಟರೊಬ್ಬರು ಡ್ರೈಯರಿನಲ್ಲಿ ಒಣಗಿಸಿದ ಕೊಬ್ಬರಿ ತಂದುಕೊಟ್ಟರು. ದೊಡ್ಡಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು ಉಗಿದಳು.

"ಕೊಬ್ರಿನೇನ್ಲಾ ಇದು? ಹಪ್ಪಳ. ಅಟ್ಟದ್ ಮ್ಯಾಲೆ ಮಲಗಿ ಎದ್ದಿದ್ದಕ್ಕೆ ಎಣ್ಣೆ ಬೇರೇನೇ."

"ಅಳತೆ ಮಾಡ್ದೋರ್ ಯಾರು ದೊಡ್ಡಮ್ಮ?"

"ನನ್ ನಾಲ್ಗೆ."

"ನಾಲ್ಗೆ ಪ್ರೂಫ್ ಅಲ್ಲ."

"ಹಂಗಾದ್ರೆ ನೀನೇ ಅಳಿ. ಅಷ್ಟೊಂದ್ ಓದಿ ಏನ್ ಮಾಡ್ದೆ ಅಂತ ಊರೋರಿಗಾದ್ರೂ ಗೊತ್ತಾಗ್ಲಿ."

ಅಳೆಯುವುದು ಕಷ್ಟವಲ್ಲ. ಕೊಬ್ಬರಿ ತುರಿಯನ್ನು ಹೆಕ್ಸೇನ್ ಎಂಬ ಸಾಲ್ವೆಂಟಿನಲ್ಲಿ ನೆನೆಹಾಕಿದರೆ ಎಣ್ಣೆಯೆಲ್ಲ ಅದರಲ್ಲಿ ಕರಗುತ್ತದೆ. ಸೋಸಿ ತಟ್ಟೆಗೆ ಸುರಿದಿಟ್ಟರೆ ಹೆಕ್ಸೇನ್ ತಾನೇ ಹಾರಿಹೋಗಿ ಎಣ್ಣೆ ಉಳಿಯುತ್ತದೆ. ತೂಗಿದರೆ ಆಯಿತು. ಬೇಸಿಗೆ ರಜೆ, ಲ್ಯಾಬಿಗೆ ಸುಣ್ಣ ಹೊಡೆಯುತ್ತಿದ್ದರು. ಹೆಕ್ಸೇನಿನ ಬಾಟಲಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ತಂದೆ. ನೋಡಲು ನೀರಿನಂತೆಯೇ. ಮೂಗಿಗೆ ಹಿಡಿದರೆ ಪೆಟ್ರೋಲ್ ಬಂಕಿನ ನೆನಪು.

ನಾನು ಎಚ್ಚರದವನೇ. ಅಟ್ಟದ ಕೆಳಗಿನ ಕೋಣೆ ಆರಿಸಿಕೊಂಡೆ. ಅಡುಗೆಮನೆಯ ಸಿಲಿಂಡರ್ ಬಂದ್ ಮಾಡಿದೆ. ದೇವರ ದೀಪ ಶಾಂತ ಮಾಡಿದ್ದಕ್ಕೆ ಶಶಿ ಗೊಣಗಿದಳು. ಫೋನನ್ನು ಜಗುಲಿಯಲ್ಲಿಟ್ಟೆ. ಗಾಳಿಗೆ ಧೂಳು ಬಂದು ತಟ್ಟೆಗೆ ಬಿದ್ದರೆ ತೂಕ ತಪ್ಪುತ್ತದೆಂದು ಕಿಟಕಿಯನ್ನೂ ಮುಚ್ಚಿದೆ. ಆ ಕಿಟಕಿ ತೆರೆದಿದ್ದರೆ, ಎಂದು ಆಸ್ಪತ್ರೆಯಲ್ಲಿ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಆ ಕೋಣೆಯಿಂದ ಎರಡು ಮೆಟ್ಟಿಲು ಇಳಿದರೆ ಬಚ್ಚಲುಮನೆ. ಅಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ತೆಂಗಿನ ಸಿಪ್ಪೆಯ ಒಲೆ. ಛಾವಣಿಯ ಮೇಲೆ ಸೋಲಾರ್ ಕೂತಿದ್ದರೂ ದೊಡ್ಡಮ್ಮನಿಗೆ ಆ ನೀರು ನೀರೇ ಅಲ್ಲ. ಬೆಳಿಗ್ಗೆ ಎಲ್ಲರ ಸ್ನಾನ ಮುಗಿದ ಮೇಲೆ ನಮ್ಮ ಕಡೆ ಯಾರೂ ಆ ಒಲೆಗೆ ನೀರು ಹಾಕುವುದಿಲ್ಲ. ಒಂದೆರಡು ಸಿಪ್ಪೆ ಒಳಗೆ ದೂಡಿ ಮೇಲೆ ಬೂದಿ ಎಳೆದು ಮುಚ್ಚುತ್ತಾರೆ. ಸಂಜೆ ಕೈಕಾಲು ತೊಳೆಯಲು ಹಂಡೆ ಬೆಚ್ಚಗಿರುತ್ತದೆ. ಇಡೀ ದಿನ ಕೆಂಡ ಅಲ್ಲಿ ಒಳಗೊಳಗೇ ಇರುತ್ತದೆ. ಯಾರೂ ಅದನ್ನು ಬೆಂಕಿ ಎಂದು ಎಣಿಸುವುದಿಲ್ಲ. ಗ್ಯಾಸು ಬೆಂಕಿ, ದೀಪ ಬೆಂಕಿ. ಬಚ್ಚಲ ಒಲೆ ಎಂದರೆ ಬಚ್ಚಲ ಒಲೆ. ಅದು ಮನೆಯ ಗೋಡೆಯಿದ್ದ ಹಾಗೆ.

ನಾನೂ ಎಣಿಸಲಿಲ್ಲ. ಹೆಕ್ಸೇನ್ ಎಣಿಸಿತು.

ತಟ್ಟೆಗಳಿಂದ ಎದ್ದ ಆವಿ ಬಾಗಿಲ ಸಂದಿಯಲ್ಲಿ ನುಸುಳಿ, ಮೆಟ್ಟಿಲಿಳಿದು, ಬಚ್ಚಲಿನಲ್ಲಿ ತುಂಬಿಕೊಂಡಿರಬೇಕು. ಬೂದಿಯಿಂದ ಆಚೆ ಚಾಚಿದ ಸಿಪ್ಪೆಯ ತುದಿ ಒಮ್ಮೊಮ್ಮೆ ತಾನಾಗಿ ಹೊತ್ತಿಕೊಳ್ಳುವುದುಂಟು. ಅಷ್ಟು ಸಾಕು.

ಮುಂದಿನದನ್ನು ಶಶಿಯ ಬಾಯಿಂದ ಕೇಳಿ ತಿಳಿದೆ. ಮುಚ್ಚಳ ಹಾಕಿದ ಬಾಟಲಿಯನ್ನು ನಾನೇ ಎದೆಗವಚಿಕೊಂಡು ಅಂಗಳಕ್ಕೆ ಓಡಿಬಂದೆನಂತೆ. ಪಾಲಿಯೆಸ್ಟರ್ ಪ್ಯಾಂಟು ಕಾಲಿಗೆ ಅಂಟಿ ಉರಿಯುತ್ತಿತ್ತಂತೆ. ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದ ದೊಡ್ಡಮ್ಮ ಬಾಟಲಿ ಕಿತ್ತುಕೊಂಡು ತೆಂಗಿನ ಪಾತಿಯೊಳಗಿಟ್ಟು, ನನ್ನನ್ನು ಅಂಗಿಯ ಕೊರಳುಪಟ್ಟಿ ಹಿಡಿದು ಎಳೆದು ಹಸುವಿನ ಕಲಗಚ್ಚಿನ ಬಾನಿಗೆ ದೂಡಿದಳಂತೆ. ಕೋಣೆಯ ಬೆಂಕಿಗೆ ಶಶಿ ಒದ್ದೆ ಗೋಣಿಚೀಲ ಬಡಿದಳು. ಅಟ್ಟದ ಕೊಬ್ಬರಿಗೆ ಏನೂ ಆಗಲಿಲ್ಲ.

ತಿಪಟೂರಿನಲ್ಲಿ ಒಂದು ಇಂಜೆಕ್ಷನ್ ಕೊಟ್ಟು ತುಮಕೂರಿಗೆ ಕಳಿಸಿದರು. ಅಲ್ಲಿ ಡಾಕ್ಟರು ಕಾಲು ನೋಡಿ ಕೇಳಿದರು.

"ನೀರು ಹಾಕಿದ್ದು ಒಳ್ಳೇದಾಯ್ತು. ಯಾವ ನೀರು?"

"ಕಲಗಚ್ಚು," ಎಂದಳು ಶಶಿ.

"ಅಂದ್ರೆ?"

"ಅಕ್ಕಿ ತೊಳ್ದಿದ್ದು, ಹಿಂಡಿ ನೆನ್ಸಿದ್ದು, ಮಿಕ್ಕಿದ್ ಅನ್ನ. ಹಸುವಿಂದು, ಸಾರ್."

ಡಾಕ್ಟರು ಮತ್ತೆ ಕಾಲಿನ ಕಡೆ ಬಗ್ಗಿದರು. ನರ್ಸ್ ನಗು ತಡೆಯಲು ಮುಖ ತಿರುಗಿಸಿದರು. ನನಗೂ ನಗು ಬಂತು. ಆಮೇಲೆ ಆ ವಾರ್ಡಿನಲ್ಲಿ ಬಹಳ ಕಾಲ ನಗಲಿಲ್ಲ.

ಎಡಗಾಲಿಗೆ ಇನ್‌ಫೆಕ್ಷನ್ ಆಯಿತು.

ಜ್ವರ. ಡ್ರೆಸ್ಸಿಂಗ್. ಮತ್ತೆ ಜ್ವರ. ಡ್ರೆಸ್ಸಿಂಗ್ ಟ್ರಾಲಿಯ ಚಕ್ರ ಕಾರಿಡಾರಿನಲ್ಲಿ ಕಿರುಗುಟ್ಟಿದರೆ ಎಡಗೈಯಲ್ಲಿ ಮಂಚದ ಸರಳು ಹಿಡಿದುಕೊಳ್ಳುತ್ತಿದ್ದೆ. ಬ್ಯಾಂಡೇಜು ಬಿಚ್ಚುವಾಗ ಕೂಗಬಾರದೆಂದು ಬೇರೆ ಏನಾದರೂ ನೆನೆಯಲು ಯತ್ನಿಸುತ್ತಿದ್ದೆ. ಪೀರಿಯಾಡಿಕ್ ಟೇಬಲ್ ಹೇಳಿಕೊಂಡೆ, ಎರಡನೆಯ ಸಾಲು ದಾಟಲಿಲ್ಲ. ಕೈಹಿಡಿದದ್ದು ಬಚ್ಚಲುಮನೆಯೇ. ಭಾನುವಾರದ ಎಣ್ಣೆಸ್ನಾನ. ಸಿಪ್ಪೆಯ ಹೊಗೆ ಸೂರಿನ ಕಿಂಡಿಯಿಂದ ಬರುವ ಬಿಸಿಲ ಕೋಲಿನಲ್ಲಿ ಸುತ್ತುವುದು. ತಲೆಯ ಮೇಲೆ ದೊಡ್ಡಮ್ಮನ ಒರಟು ಅಂಗೈ, ಕಣ್ಣಿಗಿಳಿದ ಸೀಗೆ, "ಅಳಬ್ಯಾಡ ಸುಮ್ಕಿರು, ಮುಗೀತು" ಎಂಬ ಸುಳ್ಳು. ನನ್ನನ್ನು ಸುಟ್ಟ ಜಾಗವೇ ನನಗೆ ಸಮಾಧಾನ ಹೇಳುತ್ತಿತ್ತು. ಇದಕ್ಕೆ ನನ್ನ ಬಳಿ ವಿವರಣೆಯಿಲ್ಲ.

ಗ್ರಾಫ್ಟ್ ಆಯಿತು. ತೊಡೆಯ ಚರ್ಮ ತೆಗೆದು ಕಾಲಿಗೂ ಕೈಗೂ ಹಾಕಿದರು. ಹಿಡಿಯಿತು. ಶಶಿ ವಾರ್ಡಿನ ನೆಲದ ಮೇಲೆ ಚಾಪೆ ಹಾಕಿಕೊಂಡು ಮಲಗುವುದನ್ನು ಕಲಿತಳು, ನಾನು ಎಡಗೈಯಲ್ಲಿ ತುತ್ತು ಕಲಸುವುದನ್ನು. ದೊಡ್ಡಮ್ಮ ಯಾಕೆ ಬರುತ್ತಿಲ್ಲ ಎಂದು ಕೇಳಿದಾಗಲೆಲ್ಲ ಶಶಿ ಹಸು, ಮನೆ, ಬಸ್ಸು ಎಂದು ಏನೋ ಹೇಳುತ್ತಿದ್ದಳು. ಮನೆಗೆ ಬಂದ ದಿನ ಗೊತ್ತಾಯಿತು.

ಬಚ್ಚಲ ಒಲೆ ತಣ್ಣಗಿತ್ತು. ಹಂಡೆ ಬೋರಲಾಗಿತ್ತು. ದೊಡ್ಡಮ್ಮ ಮಾಯಸಂದ್ರದ ಮಗಳ ಮನೆಗೆ ಹೋಗಿಬಿಟ್ಟಿದ್ದಳು.

"'ನಾನೇ ಸುಟ್ಟೆ, ಆಮೇಲೆ ಕಲಗಚ್ಚಿಗೆ ದೂಡಿ ನಾನೇ ಕೊಳಸ್ದೆ, ಅವ್ನ್ ಮುಖ ಹೆಂಗ್ ನೋಡ್ಲಿ' ಅಂದ್ರು ಕಣ್ರೀ," ಎಂದಳು ಶಶಿ. "ಎಷ್ಟ್ ಹೇಳಿದ್ರೂ ಕೇಳ್ಲಿಲ್ಲ."

ಫೋನಿಗೆ ದೊಡ್ಡಮ್ಮ ಬರುತ್ತಿರಲಿಲ್ಲ. ಮಲಗಿದಲ್ಲೇ ನಾನು ಆ ಮಧ್ಯಾಹ್ನವನ್ನು ಮತ್ತೆ ಜೋಡಿಸತೊಡಗಿದೆ. ಅವಳ ತಪ್ಪಿಲ್ಲ ಎಂದು ಸಾಬೀತು ಮಾಡಿದರೆ ಬಂದಾಳು ಎಂಬ ಲೆಕ್ಕ. ಆಗ ಒಂದು ನೆನಪು ಸ್ಪಷ್ಟವಾಗಿ ಬಂತು. ಬಾಟಲಿ ತೆರೆಯುವ ಮೊದಲು ನಾನು ಬಚ್ಚಲಿಗೆ ಇಳಿದಿದ್ದೆ. ಒಲೆಯೊಳಗೆ ಕೈಯಿಟ್ಟು ಬೂದಿ ಮುಟ್ಟಿ ನೋಡಿದ್ದೆ. ತಣ್ಣಗಿತ್ತು. ಹಿಟ್ಟಿನಂತೆ ನುಣ್ಣಗೆ, ಬೆರಳ ಸಂದಿಯಲ್ಲಿ ತಣ್ಣಗೆ.

ಶಶಿಗೆ ಹೇಳಿದೆ. ಅವಳು ನನ್ನನ್ನೇ ನೋಡಿದಳು.

"ನೀವು ಬಚ್ಚಲಿಗೆ ಹೋಗ್ಲೇ ಇಲ್ಲ. ಬಂದೋರೇ ದೀಪ ಶಾಂತ ಮಾಡಿ ಕೋಣೆ ಬಾಗ್ಲು ಹಾಕ್ಕೊಂಡ್ರಿ. ನಾನು ಹೊಸ್ತಿಲಲ್ಲೇ ಕೂತು ಅವರೆಕಾಯಿ ಸುಲೀತಿದ್ದೆ."

"ಬೂದಿ ಮುಟ್ಟಿದ್ದು ಬೆರಳಿಗೆ ನೆನಪಿದೆ."

"ಬೇಸಿಗೇಲಿ ಅವರೆಕಾಯಿ ಎಲ್ಲಿತ್ತು ಅಂತ ಕೇಳಿ, ಅದಕ್ಕೂ ನನ್ ಹತ್ರ ಉತ್ತರ ಇಲ್ಲ," ಎಂದು ಅವಳೇ ತಡೆದಳು. "ಏನೋ ಸುಲೀತಿದ್ದೆ. ನೀವಂತೂ ಇಳೀಲಿಲ್ಲ."

ಆ ತಣ್ಣನೆಯ ಬೂದಿ ಎಲ್ಲಿಯದೆಂದು ಆಮೇಲೆ ಹೊಳೆಯಿತು. ಚಿಕ್ಕವನಿದ್ದಾಗ ಬೆಳಿಗ್ಗೆ ಎದ್ದ ಕೂಡಲೇ ದೊಡ್ಡಮ್ಮ ಕೂಗುತ್ತಿದ್ದಳು, "ಮಂಜಾ, ಒಲೆ ಐತಾ ಹೋಯ್ತಾ ನೋಡ್ಲಾ." ನಾನು ಓಡಿಹೋಗಿ ಕೈಯಿಡುತ್ತಿದ್ದೆ. ಬೆಚ್ಚಗಿದ್ದರೆ ಊದಬೇಕು, ತಣ್ಣಗಿದ್ದರೆ ಕಡ್ಡಿ ಗೀರಬೇಕು. ಅಂಥ ನೂರು ಬೆಳಗುಗಳಲ್ಲಿ ಒಂದು ಬಂದು ಈ ಮಧ್ಯಾಹ್ನದೊಳಗೆ ಕೂತುಕೊಂಡಿತ್ತೇ? ಇರಬಹುದು. ಇಲ್ಲದೆಯೂ ಇರಬಹುದು.

ನಡೆಯುವ ಹಾಗಾದ ಮೇಲೆ ಸುಟ್ಟ ಚರ್ಮ ಗಂಟುಕಟ್ಟದಂತೆ ಒತ್ತಿಹಿಡಿಯುವ ಪ್ರೆಷರ್ ಗಾರ್ಮೆಂಟನ್ನು ಕಾಲಿಗೆ ಬಿಗಿದುಕೊಂಡು, ತುರುವೇಕೆರೆಯಲ್ಲಿ ಬಸ್ಸು ಬದಲಿಸಿ ಮಾಯಸಂದ್ರಕ್ಕೆ ಹೋದೆವು. ದೊಡ್ಡಮ್ಮ ಜಗುಲಿಯಲ್ಲಿ ಕಡ್ಡಿ ಹಿರಿದು ಪೊರಕೆ ಕಟ್ಟುತ್ತಿದ್ದಳು. ನನ್ನ ಕೈ ನೋಡಿದಳು. ಪೊರಕೆ ಕೆಳಗಿಟ್ಟಳು.

"ಊಟ ಆಯ್ತಾ?"

"ಆಯ್ತು. ಮನೆಗೆ ಬಾ ದೊಡ್ಡಮ್ಮ."

"ನೀನು ಕೇಳಿದ್ದೆ ಕಣಪ್ಪ," ಎಂದಳು. ಅದನ್ನೇ ಹೇಳಲು ಇಷ್ಟು ದಿನ ಕಾದಿದ್ದವಳಂತೆ. "'ಮನೇಲಿ ಬೆಂಕಿ ಏನಾರ ಐತಾ' ಅಂತ ಕೊಟ್ಟಿಗೆ ತಾವ ಬಂದ್ ಕೇಳ್ದೆ. ನಾನು 'ಇಲ್ಲ ಬುಡ್ಲಾ' ಅಂದೆ. ಬೆಳಿಗ್ಗೆ ನನ್ ಕೈಯ್ಯಾರೆ ಬೂದಿ ಮುಚ್ಚಿದ್ದೆ, ಆದ್ರೂ ಇಲ್ಲ ಅಂದೆ."

ನಾನು ಕೊಟ್ಟಿಗೆಗೆ ಹೋದದ್ದು ನೆನಪಿರಲಿಲ್ಲ. ಶಶಿಗೂ ಇರಲಿಲ್ಲ. ಮೂವರ ಹತ್ತಿರ ಮೂರು ಮಧ್ಯಾಹ್ನಗಳು, ಮೂರೂ ನಿಜವಾಗಲಾರವು. ನಾನು ಕೇಳಲೇ ಇಲ್ಲ ಎಂದು ವಾದಿಸಬಹುದಿತ್ತು. ಆದರೆ ಯಾವ ಆಧಾರದ ಮೇಲೆ? ಇಲ್ಲದ ಬೂದಿಯನ್ನು ಬೆರಳಿನಿಂದ ಮುಟ್ಟಿದವನು ನಾನು.

"ಕೇಳಿದ್ದೆ ಅಂತಾನೇ ಇಟ್ಕೊ," ಎಂದೆ. "ನೀನು ಅದೇ ಮಾತು ನನ್ನ ಕೇಳಿದ್ರೆ ನಾನೂ ಇಲ್ಲ ಅಂತಿದ್ದೆ. ನಮ್ಮನೇಲಿ ಬಚ್ಚಲ ಒಲೆನ ಬೆಂಕಿ ಅಂದೋರ್ ಯಾರವ್ರೆ?"

"ನೀನು ಓದಿದೋನು."

"ಹೂಂ. ಓದಿದ್ದು ಗೊತ್ತಿತ್ತು. ಒಲೆ ಅದರೊಳಗೆ ಬರ್ಲಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಶಶಿ ಆಗ ಬೇರೆ ದಾರಿ ಹಿಡಿದಳು.

"ಅಟ್ಟದ್ ಕೊಬ್ರಿ ಇಳಿಸ್ಬೇಕು ಅತ್ತೆ. ಆಡ್ತದಾ ಇಲ್ವಾ ನಮಗ್ ಗೊತ್ತಾಗಲ್ಲ. ಇವರು ಒಂದೊಂದೇ ಕಾಯಿ ಕಿವಿಗಿಟ್ಕೊಂಡು ಡೌಟು ಅಂತಾರೆ."

"ಅವ್ನಿಗೆ ತಾನು ಹುಟ್ಟಿದ್ದೂ ಡೌಟೇ," ಎಂದಳು ದೊಡ್ಡಮ್ಮ. ಮಗಳನ್ನು ಕೂಗಿ, "ಕೊಬ್ರಿ ಇಳ್ಸಿ ಬತ್ತೀನಿ ಕಣೇ," ಎಂದು ಬ್ಯಾಗು ತರಿಸಿದಳು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಳು. ತುರುವೇಕೆರೆ ದಾಟಿದ ಮೇಲೆ ಮೆಲ್ಲನೆ ಕೇಳಿದಳು, "ಎಣ್ಣೆ ಯಾವುದ್ರಲ್ಲಿ ಜಾಸ್ತಿ ಬಂತು?"

"ತಟ್ಟೆ ಸುಟ್ಟೋಯ್ತು. ಗೊತ್ತಾಗ್ಲಿಲ್ಲ."

"ಅಟ್ಟದ್ದೇ. ಬರ್ಕೊ."

ಕೊಬ್ಬರಿ ಇಳಿದು ಸುಲಿದಾಯಿತು. ಅವಳು ವಾಪಸ್ಸು ಹೋಗುವ ಮಾತೆತ್ತಲಿಲ್ಲ. ಆದರೆ ಹಂಡೆ ಬೋರಲೇ ಇತ್ತು. ಸೋಲಾರ್ ನೀರನ್ನೇ ಮಾತಿಲ್ಲದೆ ಹೊಯ್ದುಕೊಳ್ಳುತ್ತಿದ್ದಳು. ಅದನ್ನು ನೋಡುವುದು ನನಗೆ ಡ್ರೆಸ್ಸಿಂಗಿಗಿಂತ ಕಷ್ಟವಾಯಿತು. ಒಂದು ಭಾನುವಾರ ನಾನೇ ಹಂಡೆ ನೆಟ್ಟಗೆ ಮಾಡಿ, "ಎಣ್ಣೆಸ್ನಾನ ಮಾಡ್ಬೇಕು, ಒಲೆ ಹಚ್ಚು," ಎಂದೆ.

ಅವಳ ಕೈಯಲ್ಲಿ ಕಡ್ಡಿ ಎರಡು ಸಲ ಆರಿತು. ಸಿಪ್ಪೆ ಹೊತ್ತಿ ಹೊಗೆ ಎದ್ದದ್ದೇ ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಅಂಗಳಕ್ಕೆ ಹೋದೆ. ತೆಂಗಿನ ಬುಡದಲ್ಲಿ ನಿಂತೆ. ಅದೇ ವಾಸನೆ ಅಲ್ಲಿಗೂ ಬಂತು, ಆಸ್ಪತ್ರೆಯಲ್ಲಿ ನನ್ನ ಕೈಹಿಡಿದಿದ್ದ ವಾಸನೆ. ತಿರುಗಿ ಬಂದು ಮೆಟ್ಟಿಲ ಮೇಲೆ ಕೂತೆ. ಅವಳು ಉಗುರುಬೆಚ್ಚಗಿನ ನೀರನ್ನು ಗಾಯ ತಪ್ಪಿಸಿ ತಲೆಗೆ ಮಾತ್ರ ಹೊಯ್ದಳು.

ಹೆಕ್ಸೇನ್ ಈಗ ಲ್ಯಾಬಿನ ಹೊಸ್ತಿಲು ದಾಟುವುದಿಲ್ಲ. ಕಿಟಕಿ ತೆರೆಯದೆ ಬಾಟಲಿಯ ಮುಚ್ಚಳ ತೆರೆಯುವುದಿಲ್ಲ. ಬೆಂಕಿ ಇದೆಯಾ ಎಂದು ಹುಡುಗರನ್ನು ಕೇಳುವುದನ್ನು ಬಿಟ್ಟಿದ್ದೇನೆ. ಬೆಚ್ಚಗಿರುವುದು ಏನೇನಿದೆ ಹೇಳಿ, ಎನ್ನುತ್ತೇನೆ. ಅವರು ನಗುತ್ತಾರೆ, ಆಮೇಲೆ ಸುತ್ತ ನೋಡುತ್ತಾರೆ.

ಆ ಭಾನುವಾರ ಸ್ನಾನ ಮುಗಿದ ಮೇಲೆ ದೊಡ್ಡಮ್ಮ ಒಲೆಗೆ ಬೂದಿ ಎಳೆದಳು. ಸ್ವಲ್ಪ ಹೊತ್ತಿಗೆ ನಾನು ಹಳೆಯ ಅಭ್ಯಾಸದಿಂದ ಬಲಗೈಯನ್ನೇ ಒಲೆಯೊಳಗೆ ಚಾಚಿದೆ. ಅವಳು ಪಟಾರನೆ ಹೊಡೆದಳು.

"ಆ ಕೈಲೇನ್ಲಾ?"

"ಇದಕ್ಕೆ ಬಿಸಿ ತಣ್ಣಗೆ ಗೊತ್ತಾಗಲ್ಲ ದೊಡ್ಡಮ್ಮ. ನೀನೇ ನೋಡಿ ಹೇಳು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಮಂಡಿಯೂರಿ, ಬಳೆ ಮೇಲೆ ಸರಿಸಿ, ಬೂದಿಯ ಮೇಲೆ ಅಂಗೈ ಹಿಡಿದಳು.

"ಐತೆ ಕಣ್ಲಾ," ಎಂದಳು. "ಬೆಂಕಿ ಐತೆ."

ನಾನು ನಂಬಿದೆ.