ಆಕಾಶದವರ ಕಥೆ ಹೇಳಿದ ಉಚ್ಚಂಗೆಮ್ಮ

ಕಾನಹೊಸಹಳ್ಳಿಯ ಉಚ್ಚಂಗೆಮ್ಮ ಹುಟ್ಟಿದ್ದು ಹೊಸಪೇಟೆಯಲ್ಲಿ, ಸುತ್ತ ಸಾಬರ ಮನೆಗಳೇ ಇದ್ದ ಒಂದು ಓಣಿಯಲ್ಲಿ. ಹಾಗಾಗಿ ಬಾ, ಹೋಗು, ನೀರು ಕೊಡು ಎನ್ನುವಷ್ಟು ಉರ್ದು ಬರುತ್ತಿತ್ತು. ಮದುವೆಯಾಗಿ ಬಂದ ಮೇಲೆ ಆ ಮಾತಿಗೆ ಕೆಲಸವೇ ಬೀಳಲಿಲ್ಲ. ಮಕ್ಕಳಾಗಲಿಲ್ಲ, ಗಂಡ ತೀರಿಕೊಂಡ. ಕೂಲಿಗೆ ಹೋದರೆ ಹಿಂದೆ ಎಲ್ಲೋ ಕುಳಿತು ದುಡಿದು ಬರುವಳು. ಬಂದಳೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಶೇಂಗಾ ವ್ಯಾಪಾರದ ಪಂಪಮ್ಮನ ಮನೆಗೆ ಟಿ.ವಿ. ಬಂತು. ಬಿತ್ತನೆಯ ಶೇಂಗಾವನ್ನು ಮಿಷಿನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ, ಹೆಂಗಸರು ಕೈಯಿಂದಲೇ ಸುಲಿಯಬೇಕು. ಭಾನುವಾರ ಅರ್ಧ ಜನ ಬರುತ್ತಿರಲಿಲ್ಲ. ಪಂಪಮ್ಮ ಜಾಣೆ. ಟಿ.ವಿ.ಯನ್ನು ಪಡಸಾಲೆಯ ಬಾಗಿಲಿಗೆ ತಂದು ಅಂಗಳಕ್ಕೆ ಮುಖ ಮಾಡಿ ಇಟ್ಟಳು. ಅಂಗಳ ತುಂಬಿತು.

ಆಗ ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಒಂದು ಸಣ್ಣ ಧಾರಾವಾಹಿ ಬರುತ್ತಿತ್ತು. ಆಕಾಶದಿಂದ ಯಾರೋ ಇಳಿಯುತ್ತಾರೆ. ನೋಡಲು ನಮ್ಮ ಹಾಗೆಯೇ. ನಗುತ್ತ ಊರೊಳಗೆ ಬಂದು, ಆಮೇಲೆ ಜನರನ್ನು ಹಿಡಿದು ಗಣಿಯಲ್ಲಿ ದುಡಿಸುತ್ತಾರೆ. ಒಂದಿಷ್ಟು ಜನ ಹಾಳು ಗಿರಣಿಯಲ್ಲಿ ಅಡಗಿ ಅವರ ಮೇಲೆ ಬೀಳುತ್ತಾರೆ.

"ಏನಂತಾರವರು?" ಎಂದಳು ದ್ಯಾಮಕ್ಕ, ಸುಲಿಯುವ ಹೆಂಗಸರಲ್ಲಿ ಬಾಯಿ ಮುಂದಿನವಳು.

"ನೆಂಟರಂಗ ಬಂದೀವಿ, ಅಂಜಬ್ಯಾಡ್ರಿ ಅಂತಾರ," ಎಂದಳು ಹಿಂದಿನಿಂದ ಉಚ್ಚಂಗೆಮ್ಮ.

ಎಲ್ಲರೂ ತಿರುಗಿ ನೋಡಿದರು. ಮುಂದಿನ ವಾರ ಅವಳನ್ನು ಟಿ.ವಿ.ಯ ಎದುರಿಗೇ ಕೂರಿಸಿದರು. ತಿಳಿದಷ್ಟು ಮಾತಿನಿಂದ, ಉಳಿದದ್ದು ಮುಖ ನೋಡಿ ಹೇಳುತ್ತ ಹೋದಳು. ಒಂದು ವಾರ, ಆಕಾಶದಿಂದ ಬಂದವರ ಪೈಕಿ ನರೆತ ತಲೆಯವನೊಬ್ಬ ಗಿರಣಿಯಲ್ಲಿ ಅಡಗಿದವರ ಕಡೆಯ ಹುಡುಗಿಯೊಬ್ಬಳ ತಲೆಯ ಮೇಲೆ ಕೈಯಿಟ್ಟು ಹೊಸ ಬಟ್ಟೆ ಕೊಟ್ಟ.

"ಅಕಿ ಸೋದರಮಾವ. ಹೆಣ್ಣು ಕೇಳಾಕ ಬಂದಾನ," ಎಂದಳು.

"ವಯಸ್ಸಾಗೈತಲ್ಲ ಅವಂಗ?"

"ಮಾವ ಅಂದಮ್ಯಾಲ ವಯಸ್ಸೇನು ನೋಡ್ತಿ ದ್ಯಾಮಕ್ಕ? ನನ್ನ ಕೊಟ್ಟಿಲ್ಲೇನು?" ಎಂದಳು ಪಕ್ಕದ ಅಂಜಿನಕ್ಕ.

ಕೊಡಬೇಕು, ಕೊಡಬಾರದು ಎಂದು ಅಂಗಳ ಎರಡು ಪಾಲಾಯಿತು. ಬೀಜ ಒಡೆಯುತ್ತವೆಂದು ಪಂಪಮ್ಮ ಬೈದಳು. ಈಗ ಬೆಳಗಾದರೆ ಯಾರಾದರೊಬ್ಬರು ಉಚ್ಚಂಗೆಮ್ಮನ ಬಾಗಿಲಿಗೆ ಬಂದು ಕೂಗುತ್ತಿದ್ದರು. ಕೂಗು ಕೇಳಲೆಂದೇ ಅವಳು ಸಿದ್ಧಳಾಗಿಯೂ ಒಳಗೇ ನಿಲ್ಲುತ್ತಿದ್ದಳು.

ಕಥೆ ಮುಗಿಯಲು ಒಂದು ವಾರ ಇದೆ ಎನ್ನುವಾಗ ದ್ಯಾಮಕ್ಕನ ತಮ್ಮ ಹುಲುಗಣ್ಣ ಮಿಲಿಟರಿಯಿಂದ ರಜೆಗೆ ಬಂದ. ಅವನಿಗೆ ಹಿಂದಿ ನೀರು ಕುಡಿದಂತೆ.

"ಯಾರ ಮಾವ ಅಕ್ಕ? ಅವ ಬಂದೋರ ದಂಡಿನ ಯಜಮಾನ. ಅಕಿ ಅಪ್ಪನ್ನ ಗಣಿಗೆ ಹಾಕ್ಯಾನ. ನಿಮ್ಮ ಮಂದಿ ಎಲ್ಲದಾರ ಹೇಳು ಅಂತ ಪುಸಲಾಯಿಸಾಕತ್ಯಾನ," ಎಂದ.

ಸುಲಿಯುವ ಕೈಗಳು ನಿಂತವು. "ಇಷ್ಟು ವಾರ ನಮಗ ಮದುವಿ ಊಟ ಬಡಿಸಿದೆಲ್ಲ ಉಚ್ಚಂಗಿ," ಎಂದಳು ಅಂಜಿನಕ್ಕ. ಎಲ್ಲರೂ ನಕ್ಕರು. ಆ ವಾರ ಅವಳ ಬಾಗಿಲಲ್ಲಿ ಯಾರೂ ಕೂಗಲಿಲ್ಲ.

ಕೊನೆಯ ಭಾನುವಾರ ಹೋಗಲೋ ಬೇಡವೋ ಎಂದು ತಡಮಾಡಿ, ಹೋಗಿ ಹಿಂದೆ ಕುಳಿತಳು. ಹುಲುಗಣ್ಣ ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದ. ಯಜಮಾನ ನಿಂತು ಗಣಿಗೆ ಇಳಿಯುತ್ತಿದ್ದ ಕಬ್ಬಿಣದ ತೊಟ್ಟಿಯ ಹಗ್ಗವನ್ನು ಹುಡುಗಿ ಕಡಿದಳು.

"ಸತ್ತ. ಇವರು ಗೆದ್ರು," ಎಂದ.

"ಗೆದ್ದಾಕಿ ಯಾಕ ಅಳ್ತಾಳ?" ಎಂದಳು ದ್ಯಾಮಕ್ಕ.

"ಅದನ್ನ ಅವರು ಹೇಳವಲ್ರು."

ದ್ಯಾಮಕ್ಕ ಹಿಂದಕ್ಕೆ ತಿರುಗಿದಳು. "ನೀನು ಹೇಳ ಉಚ್ಚಂಗಿ. ಮಾವನ್ನ ಕೊಂದೆ ಅಂತ ಹೌದಲ್ಲ?"

ಹೌದೆಂದರೆ ನಂಬುವವರು ಅಂಗಳದಲ್ಲಿ ಅರ್ಧ ಜನ ಇದ್ದರು. ಉಚ್ಚಂಗೆಮ್ಮ ಕೈಯಲ್ಲಿದ್ದ ಕಾಯಿ ಸುಲಿದು ಬೀಜ ಬುಟ್ಟಿಗೆ ಹಾಕಿದಳು.

"ಮಾವ ಅಲ್ಲ. ನಿನ್ನ ತಮ್ಮ ಹೇಳಿದ್ದ ಖರೆ. ತಲಿಮ್ಯಾಲ ಕೈ ಇಟ್ಟನಲ್ಲ, ಅದಕ್ಕ ನಮ್ಮ ಪೈಕಿಯವ ಅಂತ ತಿಳಕೊಂಡೆ. ಅಕಿನೂ ಹಂಗ ತಿಳಕೊಂಡಿದ್ಳೇನೋ. ನಂಬಿದಾಕಿಗೆ ಅಳು ಬರತೈತಿ."

ಹುಲುಗಣ್ಣ, "ಇರಬೌದು," ಎಂದ.

ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ದ್ಯಾಮಕ್ಕನ ಧ್ವನಿ. "ಬಾರ ಉಚ್ಚಂಗಿ, ಕಳೆ ತೆಗಿಯಾಕ ಇಟ್ಟಿಗಿ ಊರಿನೋರು ಬಂದಾರ. ಟಿ.ವಿ. ಕಂಡಿಲ್ಲ ಅವರು. ಮೊದಲಿಂದ ಹೇಳಬೇಕು. ಮಾವ ಇರಲಿ, ಚಲೋ ಐತಿ."

"ಮಾವ ಇರೂದಿಲ್ಲ," ಎಂದಳು ಉಚ್ಚಂಗೆಮ್ಮ, ಕುಡುಗೋಲು ಹುಡುಕುತ್ತ. "ಇದ್ದಂಗ ಹೇಳ್ತೀನಿ, ಬೇಕಾದ್ರ ಕೇಳ್ರಿ."