ಕಿಟಕಿಯಿಂದ ಕೊಟ್ಟ ಕಾಣಿಕೆ

ನಾನು ಅಜ್ಜಿಯಾದೆ! ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟಿದೆ. ಮದುವೆಯಾಗಿ ಎಷ್ಟೋ ವರ್ಷ ಬರಿದಾಗಿದ್ದ ಮಡಿಲು ತುಂಬಿದೆ. ಇವತ್ತು ಮಧ್ಯಾಹ್ನ ತಾಯಿ ಕೂಸು ಇಬ್ಬರನ್ನೂ ತಾಳವಾಡಿ ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದೆವು. ನಾನು ಓದಿದ್ದು ಕಡಿಮೆ, ಅಕ್ಷರ ಸೊಟ್ಟ. ಆದರೂ ಬರೆಯದೆ ಇರಲಾರೆ, ಎದೆ ತುಂಬಿ ಚೆಲ್ಲುತ್ತಿದೆ.

ಅಳಿಯ ಖುಷಿಗೆ ಒಂದು ಬಾಳೆಗೊನೆ ತಂದು ನಡುಮನೆಯ ತೊಲೆಗೆ ತೂಗುಹಾಕಿದ. ಚೆನ್ನಾಗಿ ಹಣ್ಣಾದ ಗೊನೆ. ಗಾಳಿ ತಾಕದಿರಲೆಂದು ಬಾಗಿಲು ಮುಚ್ಚಿದ್ದ ಮನೆಯೊಳಗೆ ಆ ವಾಸನೆ ತುಂಬಿದ್ದೇ ತಡ, ನಾನು ಎದ್ದು ಕಿಟಕಿಯನ್ನೂ ಮುಚ್ಚಿದೆ.

"ಮೊದ್ಲು ಅದ್ನ ಆಚ್ಗೆ ತಕ್ಕಂಡೋಗಪ್ಪ. ಬೀದಿ ಮಕ್ಳಿಗೆಲ್ಲ ಅಂಚ್ಬುಡು" ಎಂದೆ.

"ಏನತ್ತೆ, ಬಾಳೆಅಣ್ಗೆಲ್ಲ ಎದ್ರುಕತೀರಿ!" ಎಂದು ಅವನು ನಗುತ್ತಲೇ ಗೊನೆ ಇಳಿಸಿ ಬೀದಿಗೆ ಒಯ್ದ. ಪೇಟೆಯಲ್ಲಿ ಬೆಳೆದವನು, ಅವನಿಗೇನು ಗೊತ್ತು... ನನಗೆ ನನ್ನ ಅಜ್ಜಿ ಕಣ್ಣಿಗೆ ಕಟ್ಟಿದಳು.

ತಾಯಿಯಿಲ್ಲದ ನನ್ನನ್ನು ಸಾಕಿದವಳು ಆ ಅಜ್ಜಿಯೇ. ತಾತನನ್ನು ರಾಗಿ ಹೊಲದ ಕಾವಲಿನಲ್ಲಿ ಆನೆ ತುಳಿದು ಕೊಂದಿತ್ತು. ಆವತ್ತಿನಿಂದ ಅವಳು ಸೌದೆಗೆ ಹೋಗುವ ಮುಂಚೆ ಹೊಸ್ತಿಲಲ್ಲೇ ನಿಂತು ಪ್ರಾರ್ಥನೆ ಮಾಡಿ, ಆಮೇಲೆ ಕಾಲು ಹೊರಗಿಡುತ್ತಿದ್ದಳು. ಭಕ್ತಿ ಎಷ್ಟೋ ಭಯವೂ ಅಷ್ಟೇ. ಅವಳಿಗೆ ಅಕ್ಷರ ಬಾರದು. ಸಂಜೆ ನಾನು ಬೈಬಲ್ ಓದಬೇಕು, ಅವಳು ಕಣ್ಣು ಮುಚ್ಚಿ ಕೇಳಬೇಕು. ಬೇಗ ಮುಗಿಸಲೆಂದು ನಾನೇನಾದರೂ ಹಾರಿಸಿದರೆ ಕಣ್ಣು ತೆರೆಯದೆಯೇ, "ಒಂದ್ ಸಾಲ್ ನುಂಗ್ಬುಟ್ಟೆ ಕಣಮ್ಮಿ, ಉಗುಳು ಆಚ್ಗೆ" ಎನ್ನುತ್ತಿದ್ದಳು.

ದೇವರ ಕಾಣಿಕೆ ಎಂದರೆ ಅವಳಿಗೆ ಮುಟ್ಟಬಾರದ ಬೆಂಕಿ. ಸುಗ್ಗಿ ಹಬ್ಬದ ಭಾನುವಾರ ಪ್ರತಿ ಮನೆಯವರೂ ಬೆಳೆದದ್ದರಲ್ಲಿ ಮೊದಲನೆಯದನ್ನು ಪ್ರಾರ್ಥನೆ ಮನೆಗೆ ತರುತ್ತಾರೆ... ಹೊಸ ರಾಗಿ, ಕುಂಬಳಕಾಯಿ, ಬಾಳೆ, ಕಬ್ಬು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲವನ್ನೂ ಏಲ ಕೂಗುತ್ತಾರೆ, ಹೆಚ್ಚು ಕೂಗಿದವರಿಗೆ ಸೇರುತ್ತದೆ. ಅಲ್ಲಿಯವರೆಗೆ ಯಾವ ಮಗು ಒಂದು ಹಣ್ಣು ಮುಟ್ಟಿದರೂ ಅಜ್ಜಿಯ ಏಟು ತಪ್ಪದು.

ನಮ್ಮ ಪ್ರಾರ್ಥನೆ ಮನೆ ಊರಿನ ಕೊನೆಗೆ, ಕಾಡಿಗೆ ತಾಗಿಕೊಂಡಿತ್ತು. ವಾಸನೆ ಹಿಡಿದು ಆನೆ ಬರುತ್ತದೆಂದು ಕಾಣಿಕೆಗಳನ್ನು ಬೆಳಕು ಹರಿದ ಮೇಲೆಯೇ ತರುವುದು ವಾಡಿಕೆ. ಆ ವರ್ಷ ಮೋಡ ಕವಿದಿತ್ತು. ಮಳೆಗೆ ಸಿಕ್ಕಿದರೆ ದೇವರ ರಾಗಿ ನೆನೆಯುತ್ತದೆಂದು ಅಜ್ಜಿಯೇ ಹಟ ಹಿಡಿದು ಶನಿವಾರ ಸಂಜೆಗೆಲ್ಲ ತರಿಸಿ ಪೀಠದ ಮುಂದೆ ಇಡಿಸಿಬಿಟ್ಟಳು. ಬಾಗಿಲಿನ ಎರಡು ಕಡೆ ಕಬ್ಬು ಕಟ್ಟಿ ಹೆಂಗಸರು ಅಡುಗೆಗೆಂದು ಹೋದರು. ಕಸ ಗುಡಿಸಲು ಉಳಿದವರು ಅಜ್ಜಿ, ನಾನು. ನಾನಾಗ ತುಂಬಿದ ಬಸುರಿ.

ಹೊರಗೆ ಕಬ್ಬು ಮುರಿಯುವ ಸದ್ದು ಕೇಳಿತು. ಯಾರೋ ಮಕ್ಕಳೆಂದುಕೊಂಡು ಅಜ್ಜಿ ಗದರಿಸಲು ಕಿಟಕಿಗೆ ಹೋದಳು. ಹೋದವಳು ಬಾಯಿ ತೆರೆದುಕೊಂಡು ಹಾಗೇ ನಿಂತಳು. ಮೆಲ್ಲಗೆ ಹಿಂದೆ ಸರಿದು ಬಂದು ಬಾಗಿಲಿಗೆ ಅಗುಳಿ ಹಾಕಿದಳು. ಅವಳ ಹಲ್ಲು ಕಟಕಟ ಎನ್ನುತ್ತಿದ್ದುದು ನನಗೆ ಕೇಳುತ್ತಿತ್ತು.

ಕಬ್ಬು ಮುಗಿಯಿತು. ಆಮೇಲೆ ಬಾಗಿಲು ಒಂದು ಸಲ ಒಳಕ್ಕೆ ಉಬ್ಬಿತು. ಹೆಂಚಿನ ಪುಡಿ ನಮ್ಮ ತಲೆ ಮೇಲೆ ಉದುರಿತು. ಕಿಟಕಿಯಲ್ಲಿ ಸೊಂಡಿಲು ಬಂತು, ಒದ್ದೆ ಒದ್ದೆಯಾಗಿ, ಗೋಡೆ ತಡವುತ್ತಾ... ನನ್ನ ಹೊಟ್ಟೆ ಕಲ್ಲಿನ ಹಾಗೆ ಬಿಗಿಯಿತು. ಕೂಗಲು ಹೋದರೆ ಅಜ್ಜಿ ನನ್ನ ಬಾಯಿ ಒತ್ತಿ ಹಿಡಿದಳು.

"ಉಸುರ್ ಬುಡ್ಬ್ಯಾಡ ಮಗ."

ನನ್ನನ್ನು ಮೂಲೆಗೆ ತಳ್ಳಿ, ಪೀಠದ ಮುಂದಿದ್ದ ಬಾಳೆಗೊನೆಯನ್ನು ಅವಳು ಎಳೆಯತೊಡಗಿದಳು. ಒಂದು ಹಣ್ಣಿಗೂ ಕೈಹಾಕಲು ಬಿಡದವಳು! ಚಿಪ್ಪು ಚಿಪ್ಪಾಗಿ ಕಿತ್ತು ಕಿಟಕಿಗೆ ನೀಡಿದಳು. ಸೊಂಡಿಲು ಕೈ ಮುಟ್ಟಿದಾಗಲೆಲ್ಲ ಬೆಚ್ಚುತ್ತಿದ್ದಳು, ಮತ್ತೆ ನೀಡುತ್ತಿದ್ದಳು. ಬಾಳೆ ಮುಗಿದರೆ ಕುಂಬಳಕಾಯಿ, ಅದಾದರೆ ಸೆರಗು ತುಂಬ ರಾಗಿ.

"ತಕ್ಕೋ... ಇದ್ನೂವೆ ತಕ್ಕೋ. ಎಲ್ಲಾ ತಕ್ಕೋ. ಆ ಕೂಸ್ನ ಮಾತ್ರ ಬುಟ್ಬುಡು."

ಅಳುತ್ತಲೇ ಹೇಳುತ್ತಿದ್ದಳು. ಯಾರಿಗೆ ಹೇಳಿದಳೋ ನಾನು ಯಾವತ್ತೂ ಕೇಳಲಿಲ್ಲ. ಪೀಠದ ಮುಂದೆ ಇನ್ನೇನೂ ಉಳಿಯದಿದ್ದಾಗ ಊರಿನ ಗಂಡಸರು ತಮಟೆ ಬಡಿಯುತ್ತಾ, ಪಟಾಕಿ ಹಚ್ಚುತ್ತಾ ಓಡಿ ಬಂದರು. ಆನೆ ಹೋಯಿತು. ಅಜ್ಜಿ ಅಲ್ಲೇ ಕುಸಿದು ಕುಳಿತಳು, ಅವಳ ಸೀರೆ ಒದ್ದೆಯಾಗಿತ್ತು. ಭಯಕ್ಕೆ ಹಾಗಾಗಿತ್ತು... ನಾನೇ ನನ್ನ ಸೆರಗು ಹೊದಿಸಿದೆ.

ಮಾರನೆಯ ದಿನ ಬರಿದಾದ ಪೀಠದ ಮುಂದೆ ಆರಾಧನೆ ನಡೆಯಿತು. ಏಲ ಕೂಗುವ ಹಿರಿಯರು ಹೊರಗೆ ಬಂದವರೇ ಕೆಣಕಿದರು.

"ಏನಜ್ಜಿ, ಕರ್ತನ್ಗಿಂತ ಮುಂಚ್ಯೇ ಆನೆಗ್ ಅಬ್ಬ ಮಾಡ್ಸ್ಬುಟ್ಯಲ್ಲ?"

"ಊ ಕಣ್ಲಾ. ಏಲದಲ್ಲಿ ನಿಮ್ಮೆಲ್ರಿಗಿಂತ ಅದೇ ಜೋರಾಗ್ ಕೂಗ್ತು, ಅದ್ಕೆ ಕೊಟ್ಬುಟ್ಟೆ."

ಎಲ್ಲರೂ ನಕ್ಕರು. ಅವಳು ಮಾತ್ರ ನಗಲಿಲ್ಲ. ಸಾಯುವ ತನಕ ಅವಳು ಕಿಟಕಿಗೆ ಬೆನ್ನು ಹಾಕಿ ಕೂರಲಿಲ್ಲ, ನನ್ನ ಮಗಳನ್ನೂ ಕೂರಿಸಲಿಲ್ಲ. ಹೌದು, ಆವತ್ತು ನನ್ನ ಹೊಟ್ಟೆಯಲ್ಲಿ ಇದ್ದವಳೇ ಈಗ ತಾಯಿಯಾದವಳು. ಅವಳು ಶಾಲೆಗೆ ಸೇರುವ ಮುಂಚೆಯೇ ಅಜ್ಜಿ ಜ್ವರದಲ್ಲಿ ಹೋಗಿಬಿಟ್ಟಳು.

ಇವತ್ತು ಕೂಸು ಬಂದ ಸುದ್ದಿಯನ್ನು ಅಜ್ಜಿಯ ಗೋರಿಗೆ ಹೋಗಿ ಹೇಳಿ ಬರೋಣವೆಂದು ಹೊರಟೆ. ಆ ದಿಕ್ಕಿಗೆ ಬೆಳಿಗ್ಗೆಯಿಂದ ಆನೆ ನಿಂತಿವೆ, ಹೋಗಬೇಡಿ ಎಂದು ದಾರಿಯಲ್ಲೇ ತಡೆದರು. ಅರ್ಧ ದಾರಿಯಿಂದ ತಿರುಗಿ ಬಂದೆ. ಅವಳಿಗೆ ಇನ್ನೂ ಹೇಳಿಲ್ಲ...

ಸಂಜೆ ಎಲ್ಲರೂ ಒಟ್ಟಿಗೆ ಕುಳಿತೆವು. ಮುದ್ದೆ, ಕೋಳಿ ಸಾರು. ಬಾಣಂತಿಗೆ ಬೆಳ್ಳುಳ್ಳಿ ಸಾರು ಬೇರೆ. ಮಗಳು ಕೂಸನ್ನು ತೊಡೆ ಮೇಲೆ ಮಲಗಿಸಿಕೊಂಡೇ ಉಣ್ಣುತ್ತಿದ್ದಳು. ಕಾಡಿನ ಕಡೆ ನಾಯಿಗಳು ಒಮ್ಮೆಗೇ ಬೊಗಳಿದವು. ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ನಾವೆಲ್ಲ ಕಿವಿಗೊಟ್ಟು ಕುಳಿತೆವು. ನಾಯಿಗಳು ಸುಮ್ಮನಾದವು. ಕೂಸು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು.

"ಉಣ್ಣವ್ವ, ಆರೋಯ್ತದ" ಎಂದಳು ಮಗಳು.

ಉಂಡೆವು.